ಎಷ್ಟು ದಿಂಬು ಇಟ್ಟುಕೊಂಡು ಮಲಗುತ್ತೀರಿ?

ಮಾನ್ಯ ಸಂಪಾದಕರೇ,

ಸಿಡುಕು ಮತ್ತು ಚಿಂತೆಯ ಸ್ವಭಾವದವರಿಗೆ ಹೃದಯದ ಕಾಯಿಲೆ ಬೇಗ ಅಂಟಿಕೊಳ್ಳುತ್ತದೆ ಎಂಬ ಧಾಟಿಯಲ್ಲಿ ನಿಮ್ಮ ಪತ್ರಿಕೆಯ ಆರೋಗ್ಯ ಪುಟದಲ್ಲಿ ಇತ್ತೀಚೆಗೆ ಬಂದ ಬರಹವನ್ನು, ಹಬ್ಬಕ್ಕೆಂದು ಊರಿಗೆ ಹೋಗಿದ್ದಾಗ, ಇಬ್ಬರು ಹೃದ್ರೋಗಿಗಳು ಒಂದೇ ಜಗಲಿಯ ಮೇಲೆ ಕೂತು ಓದಿದೆವು. ಒಬ್ಬ ನಾನು, ಅಂಚೆ ಇಲಾಖೆಯಿಂದ ನಿವೃತ್ತನಾಗಿ ಕೋಲಾರದಲ್ಲಿ ನೆಲೆಸಿರುವವನು. ಇನ್ನೊಬ್ಬರು ನನಗಿಂತ ಐದು ವರ್ಷ ದೊಡ್ಡವರಾದ ನಮ್ಮಣ್ಣ, ವೇಮಗಲ್ ಹೋಬಳಿಯ ನಮ್ಮೂರಿನಲ್ಲಿ ಟೊಮೆಟೊ ಬೆಳೆದುಕೊಂಡು, ಎರಡು ಹಸು ಕಟ್ಟಿಕೊಂಡು ಬದುಕುತ್ತಿರುವವರು. ಇಬ್ಬರ ಚೀಟಿಯಲ್ಲೂ ವೈದ್ಯರು ಬರೆದಿರುವುದು ದೀರ್ಘಕಾಲದ ಹೃದಯ ವೈಫಲ್ಯ ಎಂದೇ. ನಮ್ಮ ಕಡೆ ಆ ಹೆಸರನ್ನು ಯಾರೂ ಬಳಸುವುದಿಲ್ಲ, ‘ಹಾರ್ಟ್ ಪಂಪಿಂಗ್ ಕಮ್ಮಿ ಇದೆ’ ಎನ್ನುತ್ತಾರೆ. ನನ್ನ ಪಂಪಿಂಗ್ 35, ಅಣ್ಣನದು 30. ಆರೋಗ್ಯವಂತ ಹೃದಯವೂ ಪ್ರತಿ ಬಡಿತಕ್ಕೆ ತನ್ನೊಳಗಿನ ರಕ್ತದಲ್ಲಿ ನೂರಕ್ಕೆ 55ರಿಂದ 70 ಭಾಗವನ್ನಷ್ಟೇ ಹೊರದೂಡುತ್ತದೆ ಎಂಬುದು ತಿಳಿಯದೆ, 30 ಎಂದರೆ ಮುಕ್ಕಾಲುಪಾಲು ಹೃದಯ ಸತ್ತುಹೋಗಿದೆ ಎಂದು ಬಂಧುಗಳು ಅತ್ತದ್ದೂ ಉಂಟು. ಬರಹವನ್ನು ಓದಿ ಮುಗಿಸಿದ ಅಣ್ಣ ಪತ್ರಿಕೆಯನ್ನು ಮಡಚಿಟ್ಟು, ‘ನನಗೆ ಸಿಟ್ಟೂ ಇಲ್ಲ, ಚಿಂತೆಯೂ ಇಲ್ಲ, ಮತ್ತೆ ನನಗ್ಯಾಕಪ್ಪ ಬಂತು ಇದು?’ ಎಂದರು. ಈ ಪತ್ರಕ್ಕೆ ಆ ಪ್ರಶ್ನೆಯೇ ಕಾರಣ.

ಅಣ್ಣನಿಗೆ ಯಾಕೆ ಬಂತು ಎಂಬುದಕ್ಕೆ ಸ್ವಭಾವದವರೆಗೆ ಹೋಗಬೇಕಾಗಿಯೇ ಇಲ್ಲ. ಮೂವತ್ತು ವರ್ಷ ಬೀಡಿ ಸೇದಿದರು, ರಕ್ತದೊತ್ತಡ ಇದೆಯೆಂದು ತಿಳಿದ ಮೇಲೂ ಮಾತ್ರೆ ನುಂಗಲಿಲ್ಲ, ಎದೆನೋವು ಬಂದ ದಿನ ಗ್ಯಾಸ್ಟ್ರಿಕ್ ಎಂದುಕೊಂಡು ಸೋಡಾ ಕುಡಿದು ಆಸ್ಪತ್ರೆಗೆ ಹೋಗುವುದನ್ನು ಮರುದಿನಕ್ಕೆ ಮುಂದೂಡಿದರು. ಅಷ್ಟರಲ್ಲಿ ಹೃದಯದ ಸ್ನಾಯುವಿನ ಒಂದು ಭಾಗ ರಕ್ತವಿಲ್ಲದೆ ಸತ್ತಿತ್ತು. ತಿರುವನಂತಪುರ ಜಿಲ್ಲೆಯ ಆಸ್ಪತ್ರೆಗಳಿಗೆ 2013ರಲ್ಲಿ ಹೃದಯ ವೈಫಲ್ಯದಿಂದ ದಾಖಲಾದ 1,205 ಮಂದಿಯ ದಾಖಲೆಯಲ್ಲೂ ನೂರಕ್ಕೆ ಎಪ್ಪತ್ತಕ್ಕೂ ಹೆಚ್ಚು ಮಂದಿಗೆ ಮೂಲ ಕಾರಣ ಹೃದಯದ ರಕ್ತನಾಳಗಳ ಕಾಯಿಲೆಯೇ ಆಗಿತ್ತು, ಮತ್ತು ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಐದು ವರ್ಷ ತುಂಬುವುದರೊಳಗೆ ತೀರಿಕೊಂಡರು. ಇಷ್ಟು ಗಂಭೀರವಾದ ಕಾಯಿಲೆಯನ್ನು ‘ಅವನ ಗುಣವೇ ಹಾಗೆ’ ಎಂಬ ಮಾತಿಗೆ ಒಪ್ಪಿಸಿಬಿಡುವುದು ನನಗೆ ಸರಿಕಾಣುವುದಿಲ್ಲ. ಹಾಗೆಂದು ಸ್ವಭಾವಕ್ಕೂ ಈ ಕಾಯಿಲೆಗೂ ನಂಟೇ ಇಲ್ಲವೆಂದು ನಾನು ವಾದಿಸುತ್ತಿಲ್ಲ. ಕಾಯಿಲೆ ಬಂದ ಮೇಲೆ ಅದನ್ನು ಮನುಷ್ಯ ಹೇಗೆ ಹೊರುತ್ತಾನೆ, ಯಾರಿಗೆ ಹೇಳುತ್ತಾನೆ, ಎಷ್ಟು ದಿನ ಮುಚ್ಚಿಡುತ್ತಾನೆ ಎಂಬಲ್ಲಿ ಸ್ವಭಾವದ ಕೈ ದೊಡ್ಡದು. ನಿಮ್ಮ ಬರಹದಲ್ಲಿ ಅದರ ಪ್ರಸ್ತಾಪವೇ ಇರಲಿಲ್ಲ.

ಸಿಟ್ಟಿನವರಿಗೆ ಹೃದ್ರೋಗ ಎಂಬ ಮಾತು ಎಲ್ಲಿಂದ ಬಂತೆಂದು ಓದುಗರಿಗೆ ತಿಳಿದಿರಲಿ. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊದ ಇಬ್ಬರು ಹೃದ್ರೋಗ ತಜ್ಞರು, ಮೇಯರ್ ಫ್ರೀಡ್‌ಮನ್ ಮತ್ತು ರೇ ರೋಸೆನ್‌ಮನ್, ಸದಾ ಅವಸರ, ಪೈಪೋಟಿ, ಸಿಡಿಮಿಡಿಯ ನಡವಳಿಕೆಗೂ ಹೃದಯದ ಕಾಯಿಲೆಗೂ ಸಂಬಂಧವಿದೆ ಎಂದು 1959ರಲ್ಲಿ ಪ್ರಕಟಿಸಿದರು. ಅದಕ್ಕೇ ಮುಂದೆ ‘ಟೈಪ್ ಎ’ ಎಂಬ ಹೆಸರು ಬಂತು. ಅವರ ಕ್ಲಿನಿಕ್ಕಿನ ಕುರ್ಚಿಗಳಿಗೆ ಬಟ್ಟೆ ಹೊದಿಸಲು ಬಂದವನು, ರೋಗಿಗಳು ಕೂರುವ ಕುರ್ಚಿಗಳು ಮುಂದಿನ ಅಂಚಿನಲ್ಲಿ ಮಾತ್ರ ಸವೆದಿರುವುದನ್ನು ಕಂಡು ಬೆರಗಾದ ಎಂಬ ಪ್ರಸಂಗವನ್ನು ಫ್ರೀಡ್‌ಮನ್ ಹೇಳುತ್ತಿದ್ದರು. ಕಥೆ ಚೆನ್ನಾಗಿದೆ, ಆದ್ದರಿಂದಲೇ ಜಗತ್ತೆಲ್ಲ ಹಬ್ಬಿತು. ಆದರೆ ಅವರೇ ನಡೆಸಿದ ದೊಡ್ಡ ಅಧ್ಯಯನದಲ್ಲಿ ಹೃದಯದ ಕಾಯಿಲೆಗೆ ತುತ್ತಾದವರನ್ನು ಬೇರೆ ಸಂಶೋಧಕರು ಮತ್ತೆ ಪರಿಶೀಲಿಸಿ 1988ರಲ್ಲಿ ಹೊರತಂದ ವರದಿಯಲ್ಲಿ, ಮೊದಲ ಆಘಾತದಿಂದ ಪಾರಾದವರ ಪೈಕಿ ಅವಸರದ ಸ್ವಭಾವದವರೇ ಉಳಿದವರಿಗಿಂತ ಹೆಚ್ಚು ಬದುಕಿಕೊಂಡಿದ್ದರು. ಈ ಸ್ವಭಾವದ ಸಂಶೋಧನೆಗೆ ಸಿಗರೇಟು ಕಂಪನಿಗಳು ವರ್ಷಗಟ್ಟಲೆ ಹಣ ಸುರಿದಿದ್ದವು ಎಂಬುದೂ ಆ ಕಂಪನಿಗಳ ಕಡತಗಳು ಹೊರಬಿದ್ದ ಮೇಲೆ ಗೊತ್ತಾಯಿತು. ಹೃದಯ ಕೆಡುವುದು ಹೊಗೆಯಿಂದಲ್ಲ, ಸೇದುವವನ ಗುಣದಿಂದ ಎಂದಾದರೆ ಅದರಿಂದ ಯಾರ ಅಂಗಡಿ ನಡೆಯುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ. ಅಣ್ಣನ ಬೀಡಿಯ ಕಟ್ಟು ನೆನಪಾಗಿ ಈ ಮಾತನ್ನು ತುಸು ಖಾರವಾಗಿಯೇ ಬರೆದಿದ್ದೇನೆ.

ಎರಡನೆಯ ಅಲೆ ಯುರೋಪಿನಿಂದ ಬಂತು. ಬೆಲ್ಜಿಯಂನ ಯೋಹಾನ್ ಡೆನೊಲೆಟ್ ಎಂಬ ಮನೋವಿಜ್ಞಾನಿ ಮತ್ತು ಅವರ ಸಂಗಡಿಗರು 1996ರಲ್ಲಿ 303 ಹೃದ್ರೋಗಿಗಳ ಅಧ್ಯಯನವೊಂದನ್ನು ಪ್ರಕಟಿಸಿ, ಮನಸ್ಸಿನಲ್ಲಿ ಸದಾ ಕೊರಗು, ಆದರೆ ಅದನ್ನು ಇನ್ನೊಬ್ಬರೆದುರು ತೋಡಿಕೊಳ್ಳಲಾಗದ ಸಂಕೋಚ, ಇವೆರಡೂ ಒಟ್ಟಿಗಿರುವವರಲ್ಲಿ ನೂರಕ್ಕೆ 27 ಮಂದಿ ಸತ್ತರೆ ಉಳಿದವರಲ್ಲಿ 7 ಮಂದಿ ಮಾತ್ರ ಸತ್ತರು ಎಂದು ತೋರಿಸಿದರು. ಈ ಸ್ವಭಾವಕ್ಕೆ ‘ಟೈಪ್ ಡಿ’ ಎಂದು ಹೆಸರಾಯಿತು. ಅದನ್ನು ಅಳೆಯಲು 14 ಪ್ರಶ್ನೆಗಳ ಒಂದು ಪಟ್ಟಿ 2005ರಲ್ಲಿ ಬಂತು. ಆಮೇಲೆ ಹೃದಯ ವೈಫಲ್ಯದವರನ್ನೇ ಹೆಚ್ಚಿನ ಸಂಖ್ಯೆಯಲ್ಲಿ ಹಿಂಬಾಲಿಸಿ ನೋಡಿದಾಗ, ಸಾವಿನ ಲೆಕ್ಕದಲ್ಲಿ ಈ ಸ್ವಭಾವದಿಂದ ಅಂಥ ವ್ಯತ್ಯಾಸವೇನೂ ಕಾಣಲಿಲ್ಲ. ನಿಮ್ಮ ಬರಹ ಮೊದಲ ಅಲೆಯ ಬಳಿಯೇ ನಿಂತಿದೆ, ಈ ತಿದ್ದುಪಡಿಯವರೆಗೆ ಬಂದಿಲ್ಲ. ಆದರೆ ಸಾವಿನ ಲೆಕ್ಕ ಬಿದ್ದುಹೋದ ಮೇಲೂ ಉಳಿದುಕೊಂಡ ಒಂದು ಸಂಗತಿ ನನ್ನ ಪಾಲಿಗೆ ಎಲ್ಲಕ್ಕಿಂತ ಮುಖ್ಯವಾದದ್ದು. ನೆದರ್‌ಲೆಂಡ್ಸ್‌ನಲ್ಲಿ ಹೃದಯ ವೈಫಲ್ಯದ ರೋಗಿಗಳ ಮೇಲೆ ನಡೆದು 2007ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಈ ಸ್ವಭಾವದವರಿಗೆ ತೊಂದರೆಗಳು ಹೆಚ್ಚು ಕಾಣಿಸಿಕೊಳ್ಳುತ್ತವೆ, ಅವುಗಳ ಬಗ್ಗೆ ಒಳಗೊಳಗೇ ಕೊರಗೂ ಹೆಚ್ಚು, ಆದರೆ ವೈದ್ಯರ ಬಳಿ ಹೋಗಿ ಹೇಳುವುದು ಮಾತ್ರ ಕಡಿಮೆ. ಇದನ್ನು ಓದಿದಾಗ ನನಗೆ ನಮ್ಮಣ್ಣನನ್ನೇ ನೋಡಿ ಬರೆದಂತೆ ಅನ್ನಿಸಿತು.

ಎರಡು ವರ್ಷದ ಹಿಂದಿನ ಬೇಸಿಗೆಯ ಮಾತು. ಅಣ್ಣ ಜಗಲಿಯ ಮೇಲೆ ಹಾಸಿಗೆಯನ್ನು ಸುರುಳಿ ಸುತ್ತಿ ಗೋಡೆಗೆ ಆನಿಸಿಕೊಂಡು, ಅದಕ್ಕೆ ಒರಗಿ ಕೂತೇ ನಿದ್ದೆ ಮಾಡತೊಡಗಿದರು. ಯಾಕೆಂದರೆ, ‘ಒಳಗೆ ಸೆಕೆ’. ಮಲಗಿದರೆ ಕಾಲಿನಲ್ಲಿ ನಿಂತ ನೀರೆಲ್ಲ ಎದೆಯ ಕಡೆಗೆ ಹರಿದು ಉಸಿರು ಕಟ್ಟುತ್ತದೆ, ಆದ್ದರಿಂದ ಈ ಕಾಯಿಲೆಯವರು ಮೊದಲು ಎರಡು ದಿಂಬು, ಆಮೇಲೆ ಮೂರು, ಕೊನೆಗೆ ಕೂತೇ ನಿದ್ದೆ ಎಂಬ ಹಂತಕ್ಕೆ ಬರುತ್ತಾರೆ ಎಂಬುದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅತ್ತಿಗೆಗೆ ಅನುಮಾನ ಹುಟ್ಟಿಸಿದ್ದು ಅಣ್ಣನ ಪಂಚೆ. ಜೀವಮಾನವೆಲ್ಲ ಪಂಚೆಯನ್ನು ಮೊಣಕಾಲಿನ ಮೇಲಕ್ಕೆ ಎತ್ತಿ ಕಟ್ಟಿ ಓಡಾಡಿದವರು, ಹತ್ತು ದಿನಗಳಿಂದ ಹೊಲದಲ್ಲಿಯೂ ಪಾದ ಮುಚ್ಚುವಂತೆ ಇಳಿಬಿಟ್ಟುಕೊಂಡಿದ್ದರಂತೆ. ಅತ್ತಿಗೆ ಫೋನ್ ಮಾಡಿ ಕರೆಸಿದ ಮೇಲೆ ನಾನು ಹೋಗಿ, ಪಂಚೆ ಸರಿಸಿ, ಮುಂಗಾಲಿನ ಎಲುಬಿನ ಮೇಲೆ ಹೆಬ್ಬೆರಳಿನಿಂದ ಒತ್ತಿದೆ. ಬೆರಳು ತೆಗೆದ ಮೇಲೂ, ಕಲಸಿದ ಹಿಟ್ಟಿನಲ್ಲಿ ಉಳಿದಂತೆ, ಗುಳಿ ಹಾಗೆಯೇ ಉಳಿಯಿತು. ‘ಏನಿಲ್ಲ ಬಿಡಪ್ಪ, ಮಂಡಿನೋವಿನ ಮಾತ್ರೆ ತಗೊಂಡಿದ್ದಕ್ಕೆ ಹಿಂಗಾಗಿದೆ’ ಎಂದರು. ಮೆಡಿಕಲ್ ಸ್ಟೋರಿನಿಂದ ಚೀಟಿಯಿಲ್ಲದೆ ತಂದು ನುಂಗುತ್ತಿದ್ದ ಆ ನೋವಿನ ಮಾತ್ರೆ ಮೈಯಲ್ಲಿ ಉಪ್ಪನ್ನೂ ನೀರನ್ನೂ ಹಿಡಿದಿಟ್ಟು ಇಂಥ ಹೃದಯಕ್ಕೆ ನೇರವಾಗಿಯೇ ಕೆಡುಕು ಮಾಡುತ್ತದೆ, ಹಾಗಾಗಿ ಅವರ ಸಬೂಬಿನಲ್ಲೂ ಅರ್ಧ ಸತ್ಯವಿತ್ತು.

ನನ್ನನ್ನು ಇವತ್ತಿಗೂ ಕಾಡುವುದು ಬೇರೆ ಸಂಗತಿ. ಅದಕ್ಕೆ ಕೇವಲ ಎಂಟು ದಿನ ಮೊದಲು ಅಣ್ಣ ತಪಾಸಣೆಗೆ ಹೋಗಿ ಬಂದಿದ್ದರು. ವೈದ್ಯರು ‘ಹೇಗಿದ್ದೀರಿ ಯಜಮಾನ್ರೇ?’ ಎಂದು ಕೇಳಿದ್ದಾರೆ, ಇವರು ‘ಚೆನ್ನಾಗಿದೀನಿ ಸ್ವಾಮಿ’ ಎಂದಿದ್ದಾರೆ, ‘ಅದೇ ಮಾತ್ರೆ ಮುಂದುವರಿಸಿ’ ಎಂಬಲ್ಲಿಗೆ ಭೇಟಿ ಮುಗಿದಿದೆ. ಬಾಗಿಲ ಹೊರಗೆ ಐವತ್ತು ಅರವತ್ತು ಜನ ಸಾಲಿನಲ್ಲಿ ನಿಂತಿರುವಾಗ ಅದಕ್ಕಿಂತ ಹೆಚ್ಚು ಕೇಳುವ ಪುರುಸೊತ್ತು ಯಾರಿಗಿರುತ್ತದೆ ಎಂಬುದನ್ನು ಬಲ್ಲೆ, ಆ ವೈದ್ಯರ ಮೇಲೆ ದೂರಿಲ್ಲ. ಆದರೆ ‘ಹೇಗಿದ್ದೀರಿ’ ಎಂಬುದು ನಮ್ಮ ಸೀಮೆಯಲ್ಲಿ ಉಪಚಾರದ ಮಾತು, ಅದಕ್ಕೆ ‘ಚೆನ್ನಾಗಿದೀನಿ’ ಎನ್ನುವುದೂ ಉಪಚಾರವೇ. ಸಾಯುವ ಸ್ಥಿತಿಯಲ್ಲಿರುವವನೂ ಮನೆಗೆ ಬಂದವರಿಗೆ ಹಾಗೆಯೇ ಹೇಳುತ್ತಾನೆ. ‘ಎಷ್ಟು ದಿಂಬು ಇಟ್ಟುಕೊಂಡು ಮಲಗುತ್ತೀರಿ?’ ಎಂದು ಕೇಳಿದ್ದರೆ ಅಣ್ಣ ಸುಳ್ಳು ಹೇಳುತ್ತಿರಲಿಲ್ಲ. ಅವರು ತೊಂದರೆಯನ್ನು ತಾವಾಗಿ ಹೇಳಿಕೊಳ್ಳುವವರಲ್ಲ, ಲೆಕ್ಕ ಕೇಳಿದರೆ ಮಾತ್ರ ಸರಿಯಾದ ಲೆಕ್ಕವನ್ನೇ ಒಪ್ಪಿಸುವವರು. ಆಸ್ಪತ್ರೆಯಲ್ಲಿ ನಾಲ್ಕು ದಿನ ನೀರು ಇಳಿಸುವ ಇಂಜೆಕ್ಷನ್ ಕೊಟ್ಟ ಮೇಲೆ ಅವರ ತೂಕ 64 ಕೆಜಿಯಿಂದ 58ಕ್ಕೆ ಇಳಿಯಿತು. ಆರು ಕೆಜಿ ನೀರನ್ನು ಮೈಯೊಳಗೆ ಹೊತ್ತುಕೊಂಡೇ ಅವರು ಕೋಲಾರದ ಮಂಡಿಗೆ ಟೊಮೆಟೊ ಹಾಕಿ ಬರುತ್ತಿದ್ದರು. ಮನೆಗೆ ಬರುವಾಗ ಬಿಡುಗಡೆಯ ಚೀಟಿಯಲ್ಲಿದ್ದ ‘ಎಚ್‌ಎಫ್’ ಎಂಬ ಅಕ್ಷರಗಳು ಹಾರ್ಟ್ ಫೇಲ್ಯೂರ್, ಅಂದರೆ ಹೃದಯ ವೈಫಲ್ಯ, ಎಂದು ನನ್ನಿಂದ ಕೇಳಿ ತಿಳಿದುಕೊಂಡು, ಅದೇ ಅಕ್ಷರಗಳಿಂದ ಕರೆಯುವ ಹೋಲ್‌ಸ್ಟೀನ್ ಫ್ರೀಜಿಯನ್ ತಳಿಯ ತಮ್ಮ ಹಸುಗಳನ್ನು ನೆನೆದು, ‘ಕೊಟ್ಟಿಗೇಲಿರೋದೂ ಎಚ್‌ಎಫ್, ನನ್ನೊಳಗಿರೋದೂ ಎಚ್‌ಎಫ್’ ಎಂದು ನಕ್ಕರು. ನಾಲ್ಕು ದಿನದಲ್ಲಿ ಅವರು ತಮ್ಮ ಕಾಯಿಲೆಯ ಬಗ್ಗೆ ತಾವಾಗಿ ಆಡಿದ ಮಾತು ಅದೊಂದೇ.

ಹದಿನೈದು ಕೆಜಿ ಟೊಮೆಟೊ ಬಾಕ್ಸಿನಲ್ಲಿ ನೂರು ಗ್ರಾಂ ಹೆಚ್ಚುಕಡಿಮೆಯಾದರೆ ತಕ್ಕಡಿಯವನೊಂದಿಗೆ ಜಗಳಕ್ಕೆ ನಿಲ್ಲುವ ಮನುಷ್ಯ ತನ್ನನ್ನು ತಾನು ಎಂದೂ ತೂಗಿಕೊಂಡಿರಲಿಲ್ಲ. ಅತ್ತಿಗೆ ಹೂಡಿದ ಉಪಾಯ ಎಂಥ ತಜ್ಞರಿಗೂ ಹೊಳೆಯುತ್ತಿತ್ತೋ ಇಲ್ಲವೋ. ಬೆಳಿಗ್ಗೆ ಡೇರಿಗೆ ಹಾಲು ಹಾಕುವ ಪುಸ್ತಕದಲ್ಲಿ ಲೀಟರು, ಫ್ಯಾಟು ನಮೂದಾಗುವ ಸಾಲಿನ ಪಕ್ಕದಲ್ಲಿಯೇ ಅಣ್ಣನ ತೂಕವನ್ನೂ ಬರೆದಿಡುವುದು. ಎದ್ದು ಮೂತ್ರಕ್ಕೆ ಹೋಗಿ ಬಂದು, ಕಾಫಿ ಕುಡಿಯುವ ಮೊದಲು, ಅಷ್ಟೇ ಬಟ್ಟೆಯಲ್ಲಿ, ಅದೇ ತೂಕದ ಯಂತ್ರದ ಮೇಲೆ ನಿಲ್ಲಬೇಕು. ಎರಡು ಮೂರು ದಿನದಲ್ಲಿ ಎರಡು ಕೆಜಿ ಏರಿದರೆ ನನಗೆ ಫೋನು. ಹೋದ ಕಾರ್ತಿಕದಲ್ಲಿ ಹಾಗೆ ಏರಿತು. ವಿಚಾರಿಸಿದರೆ, ಅವರೆಕಾಯಿಯ ಕಾಲವೆಂದು ಮೂರು ಹೊತ್ತೂ ಉಪ್ಪುಸಾರು ಖಾರ, ಜೊತೆಗೆ ಉಪ್ಪಿನಕಾಯಿ. ವೈದ್ಯರು ನೀರಿನ ಮಾತ್ರೆಯ ಪ್ರಮಾಣ ಹೆಚ್ಚಿಸಿದರು, ಆಸ್ಪತ್ರೆ ಸೇರುವುದು ತಪ್ಪಿತು. ಅಣ್ಣನ ಸ್ವಭಾವ ಎಳ್ಳಷ್ಟೂ ಬದಲಾಗಿಲ್ಲ, ಈಗಲೂ ಕೇಳಿದರೆ ‘ಏನಿಲ್ಲ’ ಎಂದೇ ಹೇಳುತ್ತಾರೆ.

ನನ್ನ ಕಥೆ ಇದಕ್ಕೆ ತದ್ವಿರುದ್ಧ. ನನ್ನದು ಎಲ್ಲದಕ್ಕೂ ಗಾಬರಿಬೀಳುವ ಜೀವ. ಮನಸ್ಸಿನ ಗುಣಗಳನ್ನು ಐದಾಗಿ ವಿಂಗಡಿಸುವ ಮನೋವಿಜ್ಞಾನಿಗಳ ಲೆಕ್ಕದಲ್ಲಿ ನನಗೆ ಅಚ್ಚುಕಟ್ಟುತನಕ್ಕೆ ಒಳ್ಳೆಯ ಅಂಕ ಬರಬಹುದು. ಮೂವತ್ತೈದು ವರ್ಷ ರಿಜಿಸ್ಟರು ಬರೆದ ಕೈ, ಮಾತ್ರೆಯ ಹೊತ್ತು ತಪ್ಪಿಲ್ಲ. ಇಂಥ ಅಚ್ಚುಕಟ್ಟಿನವರು ಔಷಧವನ್ನು ಕ್ರಮವಾಗಿ ತೆಗೆದುಕೊಳ್ಳುವ ಸಾಧ್ಯತೆ ತುಸು ಹೆಚ್ಚೆಂದು ಅಧ್ಯಯನಗಳು ಹೇಳುತ್ತವೆ. ಆದರೆ ಗಾಬರಿ ಎಂಬ ಇನ್ನೊಂದು ಗುಣ ಈ ಅಚ್ಚುಕಟ್ಟನ್ನೇ ನನ್ನ ವಿರುದ್ಧ ತಿರುಗಿಸಿತು. ಬಿಪಿ ಯಂತ್ರ ಕೊಂಡುತಂದು ದಿನಕ್ಕೆ ಎಂಟು ಸಲ ನೋಡಿಕೊಳ್ಳತೊಡಗಿದೆ. ಒಂದು ದಿನ 98ಕ್ಕೆ 60 ಬಂತು. ಹೃದಯದ ಬಡಿತ ತಗ್ಗಿಸುವ ಮಾತ್ರೆಯಿಂದಲೇ ಹೀಗಾಯಿತೆಂದು ಯಾರನ್ನೂ ಕೇಳದೆ ನಿಲ್ಲಿಸಿಬಿಟ್ಟೆ. ವಾರದೊಳಗೆ ಎದೆ ಡವಗುಟ್ಟಿ, ಏದುಸಿರು ಬಂದು, ನಡುರಾತ್ರಿ ಆಸ್ಪತ್ರೆ ಸೇರಬೇಕಾಯಿತು. ತಲೆಸುತ್ತು ಇಲ್ಲದಿದ್ದರೆ ಅಷ್ಟು ಬಿಪಿಯನ್ನು ಇಂಥ ರೋಗಿಗಳಲ್ಲಿ ಸಾಮಾನ್ಯವಾಗಿ ಸಹಿಸಿಕೊಳ್ಳಬಹುದು, ಆ ಮಾತ್ರೆಯನ್ನು ಥಟ್ಟನೆ ನಿಲ್ಲಿಸುವುದೇ ಅಪಾಯ ಎಂದು ಆಮೇಲೆ ತಿಳಿಯಿತು. ಅಣ್ಣನಿಗೆ ಕೇಳುವವರು ಬೇಕಿತ್ತು, ನನಗೆ ಧೈರ್ಯ ಹೇಳುವವರು ಬೇಕಿತ್ತು. ಇಬ್ಬರಿಗೂ ಸಿಕ್ಕಿದ್ದು ಒಂದೇ ಚೀಟಿ, ಒಂದೇ ಸಲಹೆ.

ಇಲ್ಲಿ ಒಂದು ಎಚ್ಚರಿಕೆಯನ್ನೂ ಹೇಳಬೇಕು. ಯುರೋಪಿನ ಹದಿನಾಲ್ಕು ಪ್ರಶ್ನೆಗಳನ್ನು ಕನ್ನಡಕ್ಕೆ ತಂದು ನಮ್ಮ ಜಿಲ್ಲೆಯಲ್ಲಿ ಹಂಚಿದರೆ, ಬಾಯಿ ಬಿಡದವರೆಲ್ಲ ಸಂಕೋಚ ಸ್ವಭಾವದವರೆಂದು ಲೆಕ್ಕಕ್ಕೆ ಬಂದುಬಿಡುತ್ತಾರೆ. ಬಾಲ್ಯದಲ್ಲಿ ಬಂದ ಕೀಲುವಾತದ ಜ್ವರದಿಂದ ಹೃದಯದ ಕವಾಟ ಕೆಟ್ಟಿರುವ ನಮ್ಮ ಬೀದಿಯ ಒಬ್ಬ ಹೆಣ್ಣುಮಗಳು, ಎಲ್ಲರಿಗೂ ಬಡಿಸಿ ಕೊನೆಯಲ್ಲಿ ಉಣ್ಣುವವಳು, ತನಗೆ ಮೆಟ್ಟಿಲು ಹತ್ತಲಾಗದೆಂದು ವರ್ಷಗಟ್ಟಲೆ ಹೇಳದೇ ಇದ್ದದ್ದು ಸ್ವಭಾವದಿಂದಲ್ಲ. ಅವಳನ್ನು ಯಾರೂ ಕೇಳಿರಲಿಲ್ಲ, ಹೇಳಿದ್ದರೆ ಕೇಳಿಸಿಕೊಳ್ಳುತ್ತಲೂ ಇರಲಿಲ್ಲ. ಕೂಲಿಗೆ ಹೋಗುವವನು ತಪಾಸಣೆ ತಪ್ಪಿಸುವುದು ಅಶಿಸ್ತಿನಿಂದಲ್ಲ, ಆ ದಿನದ ಸಂಬಳ ಹೋಗುತ್ತದೆ ಎಂದು. ಭಾಷೆಯ ತೊಡಕು ಬೇರೆ. ಮುಳಬಾಗಿಲು, ಶ್ರೀನಿವಾಸಪುರದ ಕಡೆ ಮನೆಮಾತು ತೆಲುಗಾಗಿರುವ ಹಿರಿಯರು ‘ಆಯಾಸ’ ಎಂದರೆ ಅದು ಏದುಸಿರು. ಕನ್ನಡ ಮಾತ್ರ ಬಲ್ಲ ವೈದ್ಯರ ಕಿವಿಗೆ ಅದೇ ಮಾತು ದಣಿವು ಎಂದು ಬೀಳುತ್ತದೆ, ಟಾನಿಕ್ ಬರೆದುಕೊಟ್ಟು ಕಳುಹಿಸಿದರೂ ಕಳುಹಿಸಿದರೇ. ಸ್ವಭಾವದ ಮಾತೆತ್ತುವ ಮೊದಲು ಬಡತನ, ಮನೆಯೊಳಗಿನ ಮೇಲುಕೀಳು, ಮಾತಿನ ಅರ್ಥ ಇವನ್ನೆಲ್ಲ ಪಕ್ಕಕ್ಕೆ ಬಿಡಿಸಿ ನೋಡಬೇಕು. ಇಲ್ಲವಾದರೆ, ಸಿಗರೇಟು ಕಂಪನಿ ಮಾಡಿದ ತಪ್ಪನ್ನೇ ನಾವು ಒಳ್ಳೆಯ ಮನಸ್ಸಿನಿಂದ ಮಾಡಿದಂತಾಗುತ್ತದೆ.

ಖಿನ್ನತೆಯ ವಿಷಯವೂ ಇದಕ್ಕೆ ಹೊಂದಿಕೊಂಡೇ ಇದೆ. ಹೃದಯ ವೈಫಲ್ಯದವರಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ ಖಿನ್ನತೆ ಇರುತ್ತದೆ. ಹಸಿವಿಲ್ಲದಿರುವುದು, ನಿದ್ದೆಗೇಡು, ಸುಸ್ತು ಎರಡೂ ಕಾಯಿಲೆಗಳಲ್ಲಿ ಇರುವುದರಿಂದ ಒಂದರ ಮರೆಯಲ್ಲಿ ಇನ್ನೊಂದು ಅವಿತುಕೊಳ್ಳುತ್ತದೆ. ಖಿನ್ನತೆಯ ಮಾತ್ರೆ ಕೊಟ್ಟುಬಿಟ್ಟರೆ ಹೃದಯವೂ ಸುಧಾರಿಸುತ್ತದೆ ಎಂಬ ಆಸೆಯಿಂದ ಅಮೆರಿಕದಲ್ಲಿ ನಡೆದು 2010ರಲ್ಲಿ ಪ್ರಕಟವಾದ ಮತ್ತು ಜರ್ಮನಿಯಲ್ಲಿ ನಡೆದು 2016ರಲ್ಲಿ ಪ್ರಕಟವಾದ ಎರಡು ದೊಡ್ಡ ಪ್ರಯೋಗಗಳಲ್ಲಿ, ನಿಜವಾದ ಮಾತ್ರೆ ನುಂಗಿದವರಿಗೂ ಹುಸಿ ಮಾತ್ರೆ ನುಂಗಿದವರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಬರಲಿಲ್ಲ. ಕುತೂಹಲದ ಅಂಶವೆಂದರೆ, ಎರಡೂ ಗುಂಪುಗಳ ಮನಸ್ಸು ಮೊದಲಿಗಿಂತ ಹಗುರವಾಗಿತ್ತು. ಅಮೆರಿಕದ ಪ್ರಯೋಗದಲ್ಲಿ ಎರಡೂ ಗುಂಪಿನವರನ್ನು ನರ್ಸ್‌ಗಳು ನಿಯತವಾಗಿ ವಿಚಾರಿಸಿಕೊಳ್ಳುತ್ತಿದ್ದರು. ಅದರಿಂದಲೇ ಹಗುರವಾಯಿತೆಂದು ಆ ಪ್ರಯೋಗ ಸಾಬೀತು ಮಾಡುವುದಿಲ್ಲ ನಿಜ. ಆದರೂ ವಿಚಾರಿಸಿಕೊಳ್ಳುವವರಿದ್ದರೆ ರೋಗಿಗೆ ಏನಾಗುತ್ತದೆ ಎಂಬುದನ್ನು ನಾನಂತೂ ನನ್ನ ಮೈಮೇಲೆಯೇ ನೋಡಿದ್ದೇನೆ.

ಹಾಗಾಗಿ ಆರೋಗ್ಯ ಇಲಾಖೆಯ ಗಮನಕ್ಕೆ ಕೆಲವು ಮಾತು. ಹೃದಯಾಘಾತವಾದವರಿಗೆ ತಾಲ್ಲೂಕು ಆಸ್ಪತ್ರೆಯಲ್ಲಿಯೇ ರಕ್ತದ ಹೆಪ್ಪು ಕರಗಿಸುವ ದುಬಾರಿ ಇಂಜೆಕ್ಷನ್ ಅನ್ನು ಉಚಿತವಾಗಿ ಕೊಡುವ, ಪುನೀತ್ ರಾಜ್‌ಕುಮಾರ್ ಅವರ ಹೆಸರಿನ ಹೃದಯ ಜ್ಯೋತಿ ಯೋಜನೆ ನಿಜಕ್ಕೂ ದೊಡ್ಡ ಉಪಕಾರ. ಆದರೆ ಹಾಗೆ ಬದುಕುಳಿದವರಲ್ಲಿ ಒಂದು ಭಾಗ ದುರ್ಬಲ ಹೃದಯದೊಂದಿಗೆ ಮನೆಗೆ ಬರುತ್ತದೆ, ಮತ್ತು ಅವರ ಮುಂದಿನ ಬದುಕೆಲ್ಲ ನಡೆಯುವುದು ಅಡುಗೆಮನೆಯಲ್ಲಿ, ಜಗಲಿಯಲ್ಲಿ, ಹೊಲದಲ್ಲಿ. ಮನೆಮನೆಗೆ ಹೋಗಿ ಬಿಪಿ, ಸಕ್ಕರೆ ನೋಡುವ ಗೃಹ ಆರೋಗ್ಯ ಯೋಜನೆಯ ಸಿಬ್ಬಂದಿ ಮತ್ತು ಆಶಾ ಕಾರ್ಯಕರ್ತೆಯರು ಇಂಥ ಮನೆಗಳಲ್ಲಿ ಮೂರು ಪ್ರಶ್ನೆ ಹೆಚ್ಚಿಗೆ ಕೇಳಲಿ: ಎಷ್ಟು ದಿಂಬು, ಇವತ್ತಿನ ತೂಕ ಎಷ್ಟು, ಹೋದ ವಾರ ಯಾವ ಮಾತ್ರೆ ಬಿಟ್ಟಿರಿ. ಮೂರನೆಯದನ್ನು ‘ಮಾತ್ರೆ ಸರಿಯಾಗಿ ತಗೋತಿದ್ದೀರಾ?’ ಎಂದು ಕೇಳಿದರೆ ಉತ್ತರ ‘ಹೂಂ’ ಎಂದೇ ಬರುತ್ತದೆ, ಯಾವುದನ್ನು ಬಿಟ್ಟಿರಿ ಎಂದು ಕೇಳಿದರೆ ನಿಜ ಬರುತ್ತದೆ. ಅವರ ಕೆಲಸಕ್ಕೆ ತಕ್ಕ ಗೌರವಧನವನ್ನೂ ಕೊಡದೆ ಇನ್ನೊಂದು ಕೆಲಸ ಹೇರಬೇಡಿ ಎಂಬುದನ್ನೂ ಸೇರಿಸಿ ಹೇಳುತ್ತೇನೆ. ನನ್ನಂಥ ಗಾಬರಿಯವರಿಗೆ, ಮಾತ್ರೆ ನಿಲ್ಲಿಸುವ ಮೊದಲು ಫೋನ್ ಮಾಡಿ ಕೇಳಬಹುದಾದ ಒಬ್ಬ ನರ್ಸ್ ಹೃದ್ರೋಗ ವಿಭಾಗದಲ್ಲಿದ್ದರೆ ಸಾಕು. ಮನಸ್ಸು ತೀರ ಕುಗ್ಗಿದವರಿಗೆ, ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ನಡೆಯುವ ಮನೋಚೈತನ್ಯ ಕಾರ್ಯಕ್ರಮವಿದೆ, 14416 ಸಂಖ್ಯೆಯ ಟೆಲಿ ಮಾನಸ್ ಸಹಾಯವಾಣಿಯಿದೆ, ಅಲ್ಲಿ ಕನ್ನಡದಲ್ಲಿಯೇ ಮಾತಾಡಬಹುದು. ಆದರೆ ಹೃದಯದ ಮಾತ್ರೆಗೆ ಬಂದವರಿಗೆ ಇವೆರಡರ ಸುದ್ದಿಯನ್ನು ಯಾರಾದರೂ ಹೇಳಿದ್ದನ್ನು ನಾನು ಕಂಡಿಲ್ಲ. ಒಂದು ರಬ್ಬರ್ ಮೊಹರು ಮಾಡಿಸಿ ಚೀಟಿಯ ಹಿಂಬದಿಯಲ್ಲಿ ಒತ್ತಿದರೂ ಆದೀತು.

ನಿಮ್ಮ ಆರೋಗ್ಯ ಪುಟದಲ್ಲಿ ಮುಂದೆ ಈ ವಿಷಯ ಬಂದಾಗ, ಸಿಟ್ಟು ಬಿಡಿ ಎಂಬ ಸಲಹೆಯ ಜಾಗದಲ್ಲಿ ತೂಕ ಬರೆದಿಡುವ ಒಂದು ಖಾಲಿ ಪಟ್ಟಿಯನ್ನು ಅಚ್ಚು ಹಾಕಿದರೆ ಕತ್ತರಿಸಿ ಗೋಡೆಗೆ ಅಂಟಿಸಿಕೊಳ್ಳುವವರು ಇದ್ದಾರೆ. ಅಣ್ಣನ ಮುಂದಿನ ತಪಾಸಣೆ ಬರುವ ಸೋಮವಾರ ಇದೆ. ಈ ಸಲ ಅವರ ಬಾಯಿಂದ ಉತ್ತರ ನಿರೀಕ್ಷಿಸುವುದು ಬೇಡ, ಹಾಲಿನ ಪುಸ್ತಕವನ್ನೇ ವೈದ್ಯರ ಮೇಜಿನ ಮೇಲೆ ತೆರೆದಿಡಿ ಎಂದು ಅತ್ತಿಗೆಗೆ ಹೇಳಿದ್ದೇನೆ.

ಇಂತಿ,
ನಿವೃತ್ತ ಅಂಚೆ ನೌಕರ, ಕೋಲಾರ